ಪೊರೆಯಿಲ್ಲವೆಂದು ಹಿಂದಿರುಗಿದ ಕಣ್ಣು

ಶಿವಮೊಗ್ಗ ಜಿಲ್ಲೆಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಸನ್ನಿಧಿಗೆ,



ಎರಡು ವರ್ಷಗಳ ಹಿಂದೆ ಕೂಡಲಿಯ ಸಂಗಮದಲ್ಲಿ ಸ್ನಾನಕ್ಕಿಳಿಯುತ್ತಿದ್ದ ನಮ್ಮ ಅಣ್ಣನವರು, ಆಚೆಯ ದಡದಲ್ಲಿದ್ದ ಕೊಕ್ಕರೆಯೊಂದನ್ನು ನನಗೆ ಬೆರಳುಮಾಡಿ ತೋರಿಸುತ್ತಿರುವಾಗಲೇ, ಕಾಲಬುಡದ ಮೆಟ್ಟಿಲು ಕಾಣದೆ ಜಾರಿಬಿದ್ದರು. ಕೊಕ್ಕರೆ ಕಂಡ ಕಣ್ಣಿಗೆ ಮೆಟ್ಟಿಲು ಕಾಣದೆ ಹೋದುದೇಕೆಂದು ಕೇಳಿಕೊಳ್ಳುವ ವಿವೇಕ ಅಂದು ನಮಗಾರಿಗೂ ಬರಲಿಲ್ಲ, ವಯಸ್ಸಾಯಿತೆಂದು ಸುಮ್ಮನಾದೆವು. ಅದಕ್ಕೂ ಮುನ್ನ ನೇತ್ರ ತಪಾಸಣಾ ಶಿಬಿರವೊಂದರಲ್ಲಿ ಅಕ್ಷರಫಲಕದ ಕಡೆಯ ಸಾಲನ್ನೂ ತಡವರಿಸದೆ ಓದಿ, 'ಪೊರೆಯಿಲ್ಲ, ಹೋಗಿಬನ್ನಿ' ಎನ್ನಿಸಿಕೊಂಡು ಬಂದವರು ಅವರು. ಗ್ಲಾಕೋಮವೆಂದು ತಿಳಿಯುವ ವೇಳೆಗೆ ಎಡಗಣ್ಣಿನ ನೋಟ ಬಹುಮಟ್ಟಿಗೆ ಅಳಿದಿತ್ತು.

ಡಾ. ಎಂ. ಸಿ. ಮೋದಿಯವರು ಊರೂರಿಗೆ ಶಿಬಿರಗಳನ್ನು ಕೊಂಡೊಯ್ದ ಕಾಲದಿಂದಲೂ, ಕುರುಡೆಂದರೆ ಪೊರೆ, ಪೊರೆ ತೆಗೆದರೆ ಬೆಳಕು ಎಂಬ ಭಾವನೆ ನಮ್ಮಲ್ಲಿ ನೆಲೆಯೂರಿದೆ. ಆ ಮಹನೀಯರ ಋಣ ತೀರುವಂಥದಲ್ಲ. ಆದರೆ ದೃಷ್ಟಿನರವನ್ನೇ ಸವೆಸುವ ಈ ವ್ಯಾಧಿಯಲ್ಲಿ ಹೋದ ನೋಟ ಯಾವ ಶಸ್ತ್ರಚಿಕಿತ್ಸೆಯಿಂದಲೂ ಮರಳದು. ಅಂಚಿನಿಂದ ತಿನ್ನುತ್ತ ಬಂದು ನಡುವಣ ನೋಟವನ್ನು ಕಡೆಗೆ ಮುಟ್ಟುವುದಾದುದರಿಂದ, ಅಕ್ಷರಫಲಕಕ್ಕೆ ಅದು ಸಿಕ್ಕಿಬೀಳುವುದೂ ಇಲ್ಲ. ದಕ್ಷಿಣ ಭಾರತದ ಗ್ರಾಮೀಣ ಸಮೀಕ್ಷೆಗಳಲ್ಲಿ ಪತ್ತೆಯಾದ ರೋಗಿಗಳ ಪೈಕಿ ನೂರಕ್ಕೆ 90ಕ್ಕೂ ಮಿಕ್ಕವರಿಗೆ ಅದುವರೆಗೆ ಅದರ ಸುಳಿವೇ ಇರಲಿಲ್ಲ.

ಕಣ್ಣಿನೊಳಗಣ ಒತ್ತಡ ಏರಿದಷ್ಟೂ ಅಪಾಯವೆಂಬುದು ನಿಜವೇ. ಆದರೂ ರೂಢಿಯ ಮಿತಿಯಾದ 21 ಮಿಲಿಮೀಟರ್ ಪಾದರಸದೊಳಗಿದ್ದುಕೊಂಡೇ ನರ ಸವೆಯುವವರುಂಟಾದುದರಿಂದ ಒತ್ತಡವನ್ನಷ್ಟೇ ಅಳೆದರೆ ಸಾಲದು, ನರವನ್ನೂ ನೋಡಬೇಕು. ಇಳಿವಯಸ್ಸು, ತೆಳುವಾದ ಕಾರ್ನಿಯಾ, ಹೆಚ್ಚಿನ ಸಮೀಪದೃಷ್ಟಿ, ಕಣ್ಣುರಿಯೆಂದು ಔಷಧದಂಗಡಿಯಿಂದ ತಂದು ತಿಂಗಳುಗಟ್ಟಲೆ ಬಿಟ್ಟುಕೊಳ್ಳುವ ಸ್ಟೀರಾಯ್ಡ್ ಹನಿ, ಇವೆಲ್ಲವೂ ಲೆಕ್ಕಕ್ಕೆ ಬರುತ್ತವೆ. ಆದರೆ ರೋಗ ಗೊತ್ತಾದ ಮೇಲೂ ಕುರುಡರಾಗುವವರು ಹೆಚ್ಚಾಗಿ ಇಬ್ಬರೇ: ತಡವಾಗಿ ಬಂದವರು, ಒತ್ತಡ ತಗ್ಗಿಸುವ ಹನಿ ನಿಲ್ಲಿಸಿದವರು. ಹಾಕಿದರೆ ನೋಟ ಹೆಚ್ಚದ, ಬಿಟ್ಟರೆ ನೋಯದ ಔಷಧಕ್ಕಾಗಿ, ಅಡಿಕೆ ಕೊಯ್ಲಿನ ದಿನಗಳಲ್ಲಿ ಒಂದು ದಿನದ ಕೂಲಿ ಕಳೆದುಕೊಂಡು ಭದ್ರಾವತಿಗೋ ಶಿವಮೊಗ್ಗೆಗೋ ಬಸ್ಸು ಹತ್ತುವವರಾರು? ಆ ಹನಿ ಹೊಳೆಹೊನ್ನೂರಿನ ಸರ್ಕಾರಿ ಆಸ್ಪತ್ರೆಯಲ್ಲೇ ತಿಂಗಳು ತಿಂಗಳೂ ತಪ್ಪದೆ ದೊರೆಯುವಂತೆ ತಾವು ಮಾಡಿಸಿಕೊಡಬೇಕು. ಶಿಬಿರಗಳಲ್ಲಿ 40 ದಾಟಿದವರ ದೃಷ್ಟಿನರವನ್ನು ನೋಡಿಸಬೇಕು.

ಇನ್ನೊಂದು ಅರಿಕೆ. ಒಡಹುಟ್ಟಿದವರಲ್ಲೊಬ್ಬರಿಗೆ ಈ ವ್ಯಾಧಿಯಿದ್ದರೆ ಉಳಿದವರಿಗೆ ಅದರ ಸಂಭವ ಹಲವು ಪಟ್ಟು ಹೆಚ್ಚು. ಆದರೂ ಅಣ್ಣನವರಿಗೆ ಚೀಟಿ ಬರೆದುಕೊಟ್ಟ ದಿನ ಪಕ್ಕದಲ್ಲೇ ನಿಂತಿದ್ದ ನನ್ನನ್ನು ಯಾರೂ ಕುಳಿತುಕೊಳ್ಳಿರೆನ್ನಲಿಲ್ಲ. ಆಮೇಲೆ ನಾನಾಗಿಯೇ ತೋರಿಸಿಕೊಂಡೆ. ಈಗ ರಾತ್ರಿ ಮಲಗುವ ಮುನ್ನ ನನಗೂ ಹನಿಯುಂಟು. ರೋಗಿಯ ಹೆಸರಿನ ಕೆಳಗೆ ಅವರ ಅಣ್ಣತಮ್ಮ, ಅಕ್ಕತಂಗಿಯರ ಹೆಸರುಗಳನ್ನೂ ಬರೆದುಕೊಂಡು ಕರೆಸುವ ಏರ್ಪಾಟಿಗೆ ಒಂದು ದಫ್ತರವಲ್ಲದೆ ಬೇರೇನು ಬೇಕು? ಅರಬಿಳಚಿಗೆ ಕೊಟ್ಟ ನಮ್ಮ ತಂಗಿ ಇನ್ನೂ ತೋರಿಸಿಕೊಂಡಿಲ್ಲ. ಕಣ್ಣು ಚೆನ್ನಾಗಿ ಕಾಣುತ್ತದೆ ಎನ್ನುತ್ತಾಳೆ.

ಇತಿ ತಮ್ಮ ವಿಧೇಯ,
ನಿವೃತ್ತ ಉಪಾಧ್ಯಾಯ, ಹೊಳೆಹೊನ್ನೂರು