ಆಪರೇಷನ್ ಆಯ್ತು, ಕೇಸ್ ಶೀಟ್ ಎಲ್ಲಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆಯವರಿಗೆ ದೊಡ್ಡ ಆಪರೇಷನ್ ಎಂದರೆ ದಾವಣಗೆರೆಗೋ ಬಳ್ಳಾರಿಗೋ ಹುಬ್ಬಳ್ಳಿಗೋ ಹೋಗುವುದು ಎಂದೇ ಅರ್ಥ. ಅಲ್ಲಿ ಏನಾದರೂ ಎಡವಟ್ಟಾದರೆ ನಮ್ಮವರಿಗೆ ಗೊತ್ತಿರುವ ದಾರಿ ಎರಡೇ. ಆಸ್ಪತ್ರೆ ಮುಂದೆ ಗಲಾಟೆ ಮಾಡಿ, ಹಿರಿಯರನ್ನು ಕೂರಿಸಿ, ಒಂದಿಷ್ಟು ದುಡ್ಡಿಗೆ ರಾಜಿಯಾಗುವುದು. ಇಲ್ಲವೇ ಹಣೆಬರಹ ಎಂದು ಸುಮ್ಮನಾಗುವುದು. ಬಿ.ಇ. ಓದುತ್ತಿರುವ ನನಗೆ ಎರಡೂ ಒಂದೇ ಥರ ಕಾಣುತ್ತವೆ. ತಪ್ಪು ಎಲ್ಲಾಯಿತು ಎಂಬುದು ಎರಡರಲ್ಲೂ ಗೊತ್ತಾಗುವುದಿಲ್ಲ. ಲ್ಯಾಬಿನಲ್ಲಿ ಒಂದು ಮೋಟಾರು ಸುಟ್ಟರೂ ನಾವು ಮೊದಲು ರೀಡಿಂಗ್ ಪುಸ್ತಕ ತೆಗೆದು ನೋಡುತ್ತೇವೆ.

ನಮ್ಮ ಅತ್ತೆಗೆ ಒಂದು ಖಾಸಗಿ ಆಸ್ಪತ್ರೆಯಲ್ಲಿ ಗರ್ಭಕೋಶದ ಆಪರೇಷನ್ ಆಯಿತು. ಹದಿನೈದು ದಿನಕ್ಕೆ ನೋವು, ಜ್ವರ. ಬೇರೆ ಊರಲ್ಲಿ ಎರಡನೇ ಆಪರೇಷನ್. ಅಲ್ಲಿನ ಡಾಕ್ಟರು ಮೊದಲಿನ ಕಾಗದ ಕೇಳಿದರೆ ಮಾವನ ಚೀಲದಲ್ಲಿ ಇದ್ದದ್ದು ಮೆಡಿಕಲ್ ಶಾಪಿನ ಬಿಲ್ಲು, ಒಂದು ಡಿಸ್ಚಾರ್ಜ್ ಕಾರ್ಡು. 'ಕೇಸ್ ಶೀಟ್ ಕೇಳಿದ್ರ ಸಾಹೇಬ್ರು ಸಿಟ್ಟಿಗೇಳ್ತಾರಪ್ಪ' ಎಂದರು ಮಾವ.

ಕೇಳುವುದು ಹಕ್ಕು. ವೈದ್ಯರ ನಡವಳಿಕೆಗೆ ಸಂಬಂಧಿಸಿದ 2002ರ ನಿಯಮಾವಳಿಯ ಪ್ರಕಾರ, ರೋಗಿ ಅಥವಾ ಮನೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು. ಒಳರೋಗಿಯ ದಾಖಲೆಯನ್ನು 3 ವರ್ಷ ಇಟ್ಟಿರಬೇಕು. ಬಾಯಲ್ಲಿ ಕೇಳಿದರೆ ಸಾಲದು, ಅರ್ಜಿ ಬರೆದು ಸ್ವೀಕೃತಿ ಪಡೆಯಬೇಕು.

ದುಡ್ಡು ಪಡೆದು ಚಿಕಿತ್ಸೆ ನೀಡುವುದೂ ಗ್ರಾಹಕ ಕಾನೂನಿನ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಕಾಯ್ದೆ ಬಂದ ಮೇಲಂತೂ ಆಪರೇಷನ್ ಬೇರೆ ಜಿಲ್ಲೆಯಲ್ಲಿ ಆಗಿದ್ದರೂ ನಾವು ವಾಸವಿರುವ ಜಿಲ್ಲೆಯ ಆಯೋಗಕ್ಕೇ ದೂರು ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಗಡುವು ಮಾತ್ರ 2 ವರ್ಷ. ರಾಜಿ ಮಾತುಕತೆಯಲ್ಲೇ ಅದು ಕಳೆದುಹೋಗುವುದುಂಟು.

ಹಾಗೆಂದು ಪ್ರತಿ ಸಾವಿಗೂ ಡಾಕ್ಟರೇ ಹೊಣೆ ಎನ್ನುವವನು ನಾನಲ್ಲ. ಅಂದಾಜು ತಪ್ಪಿದ ಮಾತ್ರಕ್ಕೆ ಅದು ನಿರ್ಲಕ್ಷ್ಯವಲ್ಲ ಎಂದು 2005ರಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡಾಗ ಶಂಕೆ ಹೋದದ್ದು ಕತ್ತರಿಯ ಕಡೆಗಲ್ಲ, ರಿಂಗರ್ ಲ್ಯಾಕ್ಟೇಟ್ ಡ್ರಿಪ್ ಬಾಟಲಿಯ ಕಡೆಗೆ. ಸರ್ಕಾರ ರಾಜ್ಯದ ಔಷಧ ನಿಯಂತ್ರಕರನ್ನೇ ಅಮಾನತು ಮಾಡಿತು. ಯಾವ ಬಾಟಲಿ, ಯಾವ ಬ್ಯಾಚು ಎಂಬುದು ಬರೆದಿಟ್ಟಲ್ಲಿ ಮಾತ್ರ ಇಂಥ ಪ್ರಶ್ನೆ ಕೇಳಲು ಸಾಧ್ಯ. ಸರಿಯಾಗಿ ಬರೆದ ಕೇಸ್ ಶೀಟ್ ಒಳ್ಳೆಯ ಡಾಕ್ಟರನ್ನೂ ಕಾಯುತ್ತದೆ.

ನನಗೆ ಸಿಟ್ಟು ಬರುವುದು ಬೇರೆ ಕಡೆ. ಎಲ್ಲರಿಗೂ ಪುಕ್ಕಟೆ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆ ಗ್ರಾಹಕ ಕಾನೂನಿನೊಳಗೆ ಬರುವುದಿಲ್ಲ ಎಂಬುದೂ ಅದೇ 1995ರ ತೀರ್ಪಿನಲ್ಲಿದೆ. ಅಂದರೆ ದುಡ್ಡಿದ್ದವರಿಗೆ ಆಯೋಗ, ಕೂಲಿಯವರಿಗೆ ಸಿವಿಲ್ ಕೋರ್ಟು. ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ 1963ರಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ ಆದ ಬಾಣಂತಿಯ ಹೊಟ್ಟೆಯಲ್ಲಿ ಒರೆಸುವ ಬಟ್ಟೆ ಉಳಿದಿತ್ತು. ಎರಡನೇ ಸಲ ಹೊಟ್ಟೆ ಕೊಯ್ದಾಗ ಅದು ಸಿಕ್ಕಿತು, ಆಕೆ ಬದುಕಲಿಲ್ಲ. ಸರ್ಕಾರವೇ ಹೊಣೆ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. 33 ವರ್ಷ!

ನಮ್ಮ ತಾಲ್ಲೂಕು ಆಸ್ಪತ್ರೆಗಳಿಗೆ ಬರುವವರಲ್ಲಿ ಹೆಚ್ಚಿನವರು ಕೂಲಿಯವರೇ. ಬಿಡುಗಡೆಯ ದಿನವೇ ಡಿಸ್ಚಾರ್ಜ್ ಕಾರ್ಡಿನ ಜೊತೆ ಕೇಸ್ ಶೀಟಿನ ಪ್ರತಿಯನ್ನೂ ಕೊಡಬೇಕೆಂದು ಆರೋಗ್ಯ ಇಲಾಖೆ ಒಂದು ಆದೇಶ ಹೊರಡಿಸಿದರೆ ಖರ್ಚಾಗುವುದು ಜೆರಾಕ್ಸ್ ಹಾಳೆಗಳಷ್ಟೇ. ಅಲ್ಲಿಯವರೆಗೆ ಓಣಿಯಲ್ಲಿ ಯಾರಿಗಾದರೂ ಆಪರೇಷನ್ ಆದರೆ ಆ ಅರ್ಜಿಯನ್ನು ನಾವೇ, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರೇ, ಬರೆದುಕೊಡಬೇಕು. ಒಂದು ಪುಟವೂ ಆಗುವುದಿಲ್ಲ: ಹೆಸರು, ಒಳರೋಗಿ ನಂಬರು, ದಾಖಲಾದ ತಾರೀಖು, 'ಸಂಪೂರ್ಣ ಕೇಸ್ ಶೀಟಿನ ಪ್ರತಿ ಕೊಡಿ' ಎಂಬ ಒಂದು ಸಾಲು, ರುಜು.