ಅಟ್ಟದಿಂದ ಇಳಿದ ಆಟ

ಖಾನಾಪುರದಲ್ಲಿ ಆಷಾಢದ ಮಳೆ ಹಿಡಿಯಿತೆಂದರೆ ಬಿಡುವುದು ದುರ್ಲಭ. ಕಣಕುಂಬಿಯ ಕಾಡಿನಲ್ಲಿ ಹುಟ್ಟುವ ಮಲಪ್ರಭೆಯು ಆ ದಿನಗಳಲ್ಲಿ ಕೆಂಪು ನೀರನ್ನು ಹೊತ್ತು ತುಂಬಿ ಹರಿಯುತ್ತಾಳೆ. ಶಾಲೆಗಳಿಗೆ ರಜೆ ಸಾರುವುದೂ ಉಂಟು. ಅಂತಹ ಒಂದು ಮಳೆಗಾಲದಲ್ಲಿ, ಸುಮಾರು 25 ಕಿಲೋಮೀಟರು ದೂರದ ಬೆಳಗಾವಿ ನಗರದಿಂದ ಒಂಬತ್ತನೆಯ ತರಗತಿಯ ಬಾಲಕಿಯೊಬ್ಬಳು ಖಾನಾಪುರದ ತನ್ನ ಅಜ್ಜಿಯ ಮನೆಗೆ ಬಂದಿದ್ದಳು. ಹೊರಗೆ ಕಾಲಿಡುವಂತಿರಲಿಲ್ಲ. ಕೈಯಲ್ಲಿದ್ದ ಮೊಬೈಲಿಗೆ ಸಂಪರ್ಕ ದೊರೆಯುತ್ತಿರಲಿಲ್ಲ. ಆಕೆಯ ಬೇಸರವನ್ನು ಕಂಡ ಸೋದರಮಾವನು ಅಟ್ಟವನ್ನೇರಿ, ಧೂಳು ಕವಿದ ರಟ್ಟಿನ ಡಬ್ಬವೊಂದನ್ನು ಕೆಳಗಿಳಿಸಿದನು. ಅದರೊಳಗೆ ಒಂದು ವಿಡಿಯೋ ಗೇಮ್ ಯಂತ್ರವಿದ್ದಿತು. 1995ರಲ್ಲಿ, ಅವನೂ ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವನ ತಂದೆ ಬೆಳಗಾವಿಯ ಖಡೇಬಜಾರದಿಂದ ಅದನ್ನು ಕೊಂಡುತಂದಿದ್ದರು.

ಹಿಂಭಾಗದ ಕೋಣೆಯಲ್ಲಿ ಉಬ್ಬುಗಾಜಿನ ಹಳೆಯ ಟಿ.ವಿ. ಇನ್ನೂ ಜೀವ ಹಿಡಿದುಕೊಂಡಿದ್ದಿತು. ಮಾವನು ಕ್ಯಾಸೆಟ್ಟನ್ನು ಬಾಯಿಯಿಂದ ಊದಿ ಯಂತ್ರದಲ್ಲಿ ಸಿಕ್ಕಿಸಿದನು. ಪರದೆಯ ಮೇಲೆ ಮೀಸೆಯ ಪುಟ್ಟ ಮನುಷ್ಯನೊಬ್ಬನು ಕಾಣಿಸಿಕೊಂಡನು. ಬಾಲಕಿಯು ಆಡಲಾರಂಭಿಸಿದಳು, ಎದುರಿಗೆ ಬಂದ ಮೊದಲನೆಯ ಶತ್ರುವಿಗೇ ತಗಲಿ ಸೋತಳು.

“ಮಾಮಾ, ಇದರಾಗ ಸೇವ್ ಮಾಡೋದು ಎಲ್ಲೈತಿ?” ಎಂದು ಕೇಳಿದಳು.

“ಸೇವ್ ಗೀವ್ ಏನೂ ಇಲ್ಲವ್ವಾ. ಮೂರೂ ಜೀವ ಹೋದರ ಮತ್ತ ಮೊದಲಿನಿಂದ” ಎಂದು ಮಾವನು ನಕ್ಕನು.

“ಹಂಗಾರ ಇದು ಎಂಥಾ ಆಟ?” ಎಂದಳು ಆಕೆ.

ಆ ಪ್ರಶ್ನೆಯು ಸಣ್ಣದಲ್ಲ. ಮಾವನ ಮಟ್ಟಿಗೆ ಅದು ಜಗತ್ತಿನಲ್ಲಿಯೇ ಶ್ರೇಷ್ಠವಾದ ಆಟ. ಸೊಸೆಯ ಮಟ್ಟಿಗೆ ಅದು ಕಾಲ ಮೀರಿದ ಒಂದು ಸಾಮಾನು. ಬಾಲ್ಯದಲ್ಲಿ ತಿಂದ ಕುಂದಾದ ರುಚಿ ಮುಂದೆ ಯಾವ ಅಂಗಡಿಯಲ್ಲಿಯೂ ಸಿಗದೆಂದು ಹಿರಿಯರು ಹೇಳುವುದುಂಟು. ಅದು ಕುಂದಾದ ಗುಣವೋ, ಬಾಲ್ಯದ ಗುಣವೋ? ಹಳೆಯ ವಿಡಿಯೋ ಗೇಮುಗಳನ್ನು ಹೊಗಳುವವರು ಈ ಪ್ರಶ್ನೆಯನ್ನು ಮೊದಲು ಎದುರಿಸಬೇಕು. ನೆನಪಿನ ಸಕ್ಕರೆಯನ್ನು ಕಳೆದು, ಆಟವನ್ನು ಆಟವಾಗಿಯೇ ಸವಿದು ನೋಡಬೇಕು.

ಮೊದಲಿಗೆ ಆ ಯಂತ್ರದ ಹಿನ್ನೆಲೆಯನ್ನು ತಿಳಿಯುವುದು ಉಚಿತ. ಜಪಾನಿನ ಕ್ಯೋಟೋ ನಗರದಲ್ಲಿ 1889ರಲ್ಲಿ, ಆಟದ ಎಲೆಗಳನ್ನು ತಯಾರಿಸುವುದಕ್ಕಾಗಿ ಹುಟ್ಟಿದ ಸಂಸ್ಥೆ ನಿಂಟೆಂಡೊ. ಆ ಸಂಸ್ಥೆಯು 1983ರ ಜುಲೈ ತಿಂಗಳಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಮನೆಯ ಟಿ.ವಿ.ಗೆ ಜೋಡಿಸಿ, ಕ್ಯಾಸೆಟ್ ಬದಲಾಯಿಸುತ್ತ ಬೇರೆ ಬೇರೆ ಆಟಗಳನ್ನು ಆಡಬಹುದಾದ ಯಂತ್ರವದು. ಅದರ ಮಾದರಿಯಲ್ಲಿ ತಯಾರಾದ ಅಗ್ಗದ ಯಂತ್ರಗಳು ಮುಂದೆ ಅನೇಕ ದೇಶಗಳಿಗೆ ಹಬ್ಬಿದವು. ಭಾರತದಲ್ಲಿಯೂ ಸಮುರಾಯ್, ಮೀಡಿಯಾ ಮೊದಲಾದ ಹೆಸರುಗಳ ಯಂತ್ರಗಳು 1990ರ ದಶಕದ ಮಕ್ಕಳಿಗೆ ಪರಿಚಿತವಾಗಿದ್ದವು. ಎಲ್ಲರ ಮನೆಯಲ್ಲಿಯೂ ಅವು ಇರಲಿಲ್ಲ. ಆದುದರಿಂದ ಒಂದು ಮನೆಗೆ ಯಂತ್ರ ಬಂದರೆ ಓಣಿಯ ಹುಡುಗರೆಲ್ಲ ಅಲ್ಲಿ ನೆರೆಯುತ್ತಿದ್ದರು. ಆಡುವವರು ಇಬ್ಬರಾದರೆ ನೋಡುವವರು ಹತ್ತು ಮಂದಿ.

ಈಗ ಆಟಗಳ ವಿಚಾರಕ್ಕೆ ಬರೋಣ. ಬಾಲಕಿಯು ಮೊದಲು ಸೋತ ಆಟದ ಹೆಸರು ಸೂಪರ್ ಮಾರಿಯೋ ಬ್ರದರ್ಸ್. ಶಿಗೇರು ಮಿಯಾಮೊಟೊ ಎಂಬ ವಿನ್ಯಾಸಕಾರನ ನೇತೃತ್ವದಲ್ಲಿ ರೂಪುಗೊಂಡು 1985ರಲ್ಲಿ ಹೊರಬಂದ ಈ ಆಟದ ಗಾತ್ರ ಕೇವಲ 40 ಕಿಲೋಬೈಟು. ಇಂದು ಮೊಬೈಲಿನಲ್ಲಿ ತೆಗೆಯುವ ಒಂದು ಛಾಯಾಚಿತ್ರವೇ ಅದಕ್ಕಿಂತ ಹತ್ತಾರು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಅಷ್ಟು ಕಿರಿದಾದ ಜಾಗದಲ್ಲಿ 32 ಘಟ್ಟಗಳನ್ನು ಅಡಕಗೊಳಿಸಿದ ಬಗೆ ನೋಡತಕ್ಕದ್ದು. ಆಕಾಶದ ಮೋಡಕ್ಕೂ ನೆಲದ ಪೊದೆಗೂ ಒಂದೇ ಆಕೃತಿ. ಬಣ್ಣ ಮಾತ್ರ ಬೇರೆ. ಮಣ್ಣಿನ ಪಾತ್ರೆಗಳಿಗೂ ಹೆಂಚುಗಳಿಗೂ ಹೆಸರಾದ ಖಾನಾಪುರದಲ್ಲಿ, ತಿಗರಿಯ ಮುಂದೆ ಕುಳಿತ ಕುಂಬಾರನು ಒಂದು ಹಿಡಿ ಮಣ್ಣನ್ನೂ ವ್ಯರ್ಥ ಮಾಡನು. ಮಾರಿಯೋ ಆಟವನ್ನು ಮಾಡಿದವರ ಕೈಯೂ ಅಂತಹದೇ. ಮತ್ತೊಂದು ಗುಣವೆಂದರೆ, ಅದು ಮಾತಿಲ್ಲದೆ ಕಲಿಸುತ್ತದೆ. ಮೊದಲನೆಯ ಶತ್ರು ನಿಧಾನವಾಗಿ ಬರುತ್ತದೆ; ಹಾರದಿದ್ದರೆ ಸೋಲು, ಹಾರಿದರೆ ಗೆಲುವು. ಒಂದು ಸೋಲಿನಲ್ಲಿ ಒಂದು ಪಾಠ. ಈ ಆಟವು ಹಳೆಯದೆಂಬ ಕಾರಣಕ್ಕಲ್ಲ, ಚೆನ್ನಾಗಿರುವ ಕಾರಣಕ್ಕಾಗಿಯೇ ಇಂದಿಗೂ ಆಡಲು ಯೋಗ್ಯವಾಗಿದೆ.

ಎರಡನೆಯದು ಕಾಂಟ್ರಾ. 1987ರಲ್ಲಿ ಕೊನಾಮಿ ಸಂಸ್ಥೆಯು ಹೊರತಂದ ಈ ಆಟವನ್ನು ಇಬ್ಬರು ಸೈನಿಕರಾಗಿ ಜೊತೆಯಲ್ಲಿ ಆಡಬಹುದು. ಒಂದು ಗುಂಡು ತಗಲಿದರೆ ಒಂದು ಜೀವ ಹೋಯಿತು. ಕತೆಯೆಂಬುದು ಹೆಸರಿಗಷ್ಟೇ, ಗುಂಡು ಹಾರಿಸುವುದೇ ಕೆಲಸ. ಆಟದ ಆರಂಭದಲ್ಲಿ ಮೇಲೆ, ಮೇಲೆ, ಕೆಳಗೆ, ಕೆಳಗೆ, ಎಡ, ಬಲ, ಎಡ, ಬಲ, ಬಿ, ಎ ಎಂದು ಗುಂಡಿಗಳನ್ನೊತ್ತಿದರೆ 30 ಜೀವಗಳು ದೊರೆಯುತ್ತವೆ. ಈ ಗುಟ್ಟನ್ನು ಮೊದಲು ರಚಿಸಿದವನು ಕಜುಹಿಸ ಹಶಿಮೊಟೊ. ಗ್ರೇಡಿಯಸ್ ಎಂಬ ಬೇರೊಂದು ಆಟವನ್ನು ಪರೀಕ್ಷಿಸುವಾಗ ಅದು ತನಗೇ ಕಠಿಣವೆನಿಸಿದ್ದರಿಂದ ಅವನು ಅದನ್ನು ಸೇರಿಸಿದ್ದನು. ಮಾಡಿದವನೇ ಗೆಲ್ಲಲಾರದ ಆಟವನ್ನು ಮಕ್ಕಳು ಗೆಲ್ಲಬೇಕೆನ್ನುವುದು ನ್ಯಾಯವೇ? ಹಳೆಯ ಆಟಗಳ ಕಾಠಿಣ್ಯವನ್ನೆಲ್ಲ ಗುಣವೆಂದು ಕೊಂಡಾಡುವವರು ಇದನ್ನು ನೆನೆಯಬೇಕು. ಎಷ್ಟೋ ಕಡೆ ಆ ಕಾಠಿಣ್ಯವು ಚಿಕ್ಕ ಆಟವನ್ನು ದೊಡ್ಡದಾಗಿ ತೋರಿಸುವ ಉಪಾಯವಾಗಿದ್ದಿತು. ಆದರೂ ಕಾಂಟ್ರಾದ ಜಲಪಾತದ ಘಟ್ಟವನ್ನು ಮರೆಯುವಂತಿಲ್ಲ. ಅಲ್ಲಿ ಒಬ್ಬನು ಅವಸರದಿಂದ ಮೇಲಕ್ಕೇರಿದರೆ ಪರದೆಯೂ ಮೇಲಕ್ಕೆ ಸರಿದು, ಹಿಂದುಳಿದ ಜೊತೆಗಾರನು ಸಾಯುತ್ತಾನೆ. ಬೇಗ ಏರಬಲ್ಲವನು ಕಾಯಲೂ ಬಲ್ಲವನಾಗಿರಬೇಕು. ಮಾವ ಸೊಸೆಯರು ಆ ಘಟ್ಟದಲ್ಲಿ ಐದು ಬಾರಿ ಸೋತು, ಆರನೆಯ ಬಾರಿ ಪಾರಾದರು. ಕಾಯದೆ ಹೋದವನು ಐದು ಬಾರಿಯೂ ಮಾವನೇ ಆಗಿದ್ದನು.

ಮೂರನೆಯದು ಓಣಿಯ ಹುಡುಗರು ಟ್ಯಾಂಕ್ ಎಂದಷ್ಟೇ ಕರೆಯುತ್ತಿದ್ದ ಆಟ. 1985ರ ಬ್ಯಾಟಲ್ ಸಿಟಿ ಇದರ ಮೂಲ. ಇಟ್ಟಿಗೆಗೋಡೆಗಳ ನಡುವೆ ಇರುವ ಹದ್ದಿನ ಗುರುತಿನ ಠಾಣ್ಯವನ್ನು ಕಾಯುವುದು ಆಟಗಾರನ ಹೊಣೆ. ತನ್ನ ಗುಂಡೇ ತಪ್ಪಿ ತಗಲಿದರೂ ಠಾಣ್ಯವು ನಾಶವಾಗುತ್ತದೆ. ನೋಡಲು ಬಡವಾದ ಈ ಆಟವು ಇಬ್ಬರು ಕೂಡಿ ಆಡುವಾಗ ಅತ್ಯಂತ ಸೊಗಸಾದುದು. ಒಬ್ಬರೇ ಆಡಿದರೆ ಅರ್ಧ ಗಂಟೆಯಲ್ಲಿ ಸಪ್ಪೆ.

ನಾಲ್ಕನೆಯದು 1984ರ ಡಕ್ ಹಂಟ್. ಪ್ಲಾಸ್ಟಿಕ್ ಪಿಸ್ತೂಲಿನಿಂದ ಪರದೆಯ ಬಾತುಗಳಿಗೆ ಗುರಿಯಿಡುವ ಆಟವಿದು. ಪಿಸ್ತೂಲು ಏನನ್ನೂ ಹಾರಿಸುವುದಿಲ್ಲ, ಬೆಳಕನ್ನು ಗ್ರಹಿಸುತ್ತದೆ. ಕುದುರೆಯನ್ನೆಳೆದ ಕ್ಷಣದಲ್ಲಿ ಪರದೆ ಕಪ್ಪಾಗಿ, ಬಾತು ಇದ್ದ ಸ್ಥಳದಲ್ಲಿ ಬಿಳಿಯ ಚೌಕವೊಂದು ಮಿಂಚಿ ಮಾಯವಾಗುತ್ತದೆ. ಪಿಸ್ತೂಲು ಆ ಬಿಳುಪನ್ನು ಕಂಡರೆ ಗುರಿ ತಗಲಿತೆಂದು ಲೆಕ್ಕ. ಇಂದಿನ ಚಪ್ಪಟೆ ಟಿ.ವಿ.ಗಳಲ್ಲಿ ಚಿತ್ರವು ತುಸು ತಡವಾಗಿ ಮೂಡುವುದರಿಂದ ಆ ಪಿಸ್ತೂಲು ಕೆಲಸ ಮಾಡದು. ಉಪಾಯವು ಬಹು ಜಾಣತನದ್ದು. ಆಟವು ಮಾತ್ರ ಹತ್ತು ನಿಮಿಷಕ್ಕೆ ಸಾಕೆನಿಸುವಂಥದು. ಗುರಿ ತಪ್ಪಿದಾಗ ಹಲ್ಲು ಕಿರಿದು ನಗುವ ನಾಯಿಯೊಂದೇ ನೆನಪಿನಲ್ಲಿ ಉಳಿಯುತ್ತದೆ.

ಕೊನೆಯದು ಟೆಟ್ರಿಸ್. ಮಾಸ್ಕೋ ನಗರದ ಅಲೆಕ್ಸಿ ಪಜಿತ್ನೊವ್ 1984ರಲ್ಲಿ ಇದನ್ನು ರಚಿಸಿದನು. ಮೇಲಿನಿಂದ ಬೀಳುವ ತುಂಡುಗಳನ್ನು ಸಾಲುಗೂಡಿಸುವ ಈ ಆಟಕ್ಕೆ ವಯಸ್ಸಾಗಿಲ್ಲ. ನಿಂಟೆಂಡೊ ಯಂತ್ರದ ಟೆಟ್ರಿಸ್ಸಿಗೆ ಕೊನೆಯೇ ಇಲ್ಲವೆಂದು ಬಹುಕಾಲ ಭಾವಿಸಲಾಗಿದ್ದಿತು. 2023ರ ಡಿಸೆಂಬರಿನಲ್ಲಿ ಅಮೆರಿಕದ 13 ವರ್ಷದ ಬಾಲಕನೊಬ್ಬನು 157ನೆಯ ಹಂತವನ್ನು ಮುಟ್ಟಿದಾಗ, ಯಂತ್ರವೇ ಮುಂದೆ ಸಾಗಲಾರದೆ ಸ್ತಬ್ಧವಾಯಿತು. ಮನುಷ್ಯನೊಬ್ಬನು ಆ ಯಂತ್ರವನ್ನು ಅಷ್ಟು ದೂರ ಓಡಿಸಿದ್ದು ಅದೇ ಮೊದಲು. ತಾನು ಹುಟ್ಟುವುದಕ್ಕಿಂತ ಎಷ್ಟೋ ಮುಂಚಿನ ಆಟದಲ್ಲಿ ಬಾಲ್ಯದ ನೆನಪಿನ ಹಂಗಿಲ್ಲದ ಬಾಲಕನೊಬ್ಬನು ಈ ಸಾಧನೆಯನ್ನು ಮಾಡಿದನು. ಆಟದ ಸತ್ವಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಗುಣಗಳನ್ನು ಹೇಳಿದ ಮೇಲೆ ದೋಷಗಳನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಕ್ಯಾಸೆಟ್ಟುಗಳ ಮೇಲೆ 9999 ಆಟಗಳೆಂದು ಅಚ್ಚು ಹಾಕಿರುತ್ತಿದ್ದರು. ಒಳಗೆ ನೋಡಿದರೆ ಕೆಲವೇ ಆಟಗಳು ಹೆಸರು ಬದಲಿಸಿ ಮರಳಿ ಮರಳಿ ಬರುತ್ತಿದ್ದವು. ಅದು ಮಕ್ಕಳಿಗೆ ಮಾಡಿದ ವಂಚನೆ. ಅಂತಹ ಕ್ಯಾಸೆಟ್ಟುಗಳಲ್ಲಿನ ಆಟಗಳು ಮೂಲ ರಚನಾಕಾರರ ಅನುಮತಿಯಿಲ್ಲದ ನಕಲುಗಳು. ಶ್ರಮಪಟ್ಟವರಿಗೆ ಅವುಗಳಿಂದ ಬಿಡಿಗಾಸೂ ಸಲ್ಲಲಿಲ್ಲ. ಕ್ಯಾಸೆಟ್ಟನ್ನು ಊದಿದರೆ ಸರಿಹೋಗುತ್ತದೆಂಬ ನಂಬಿಕೆಯೂ ಹುಸಿಯೇ. ತೆಗೆದು ಮತ್ತೆ ಸಿಕ್ಕಿಸಿದಾಗ ಲೋಹದ ಪಟ್ಟಿಗಳು ಸರಿಯಾಗಿ ಕೂಡಿಕೊಳ್ಳುವುದರಿಂದ ಅದು ನಡೆಯುತ್ತಿದ್ದಿತು. ಉಸಿರಿನ ತೇವವು ಆ ಪಟ್ಟಿಗಳನ್ನು ಕೆಡಿಸುತ್ತಿದ್ದಿತು. ಸೊಸೆಯು ಇದನ್ನು ತಿಳಿಸಿದಾಗ ಮಾವನು ಒಪ್ಪಿದನು. ಆದರೆ ಮರುಕ್ಷಣವೇ ಮತ್ತೆ ಊದಿದನು. ನೆನಪು ವಿಜ್ಞಾನಕ್ಕಿಂತ ಹಠಮಾರಿ.

ಹಾಗಾದರೆ ಹಳೆಯ ಆಟಕ್ಕೂ ಇಂದಿನ ಆಟಕ್ಕೂ ಇರುವ ನಿಜವಾದ ಅಂತರವಾವುದು? ಚಿತ್ರದ ಅಂದದಲ್ಲಿ, ಕತೆಯ ವಿಸ್ತಾರದಲ್ಲಿ ಹೊಸ ಆಟಗಳು ಎಷ್ಟೋ ಮುಂದುವರಿದಿವೆ. ಇದನ್ನು ಅಲ್ಲಗಳೆಯುವುದು ಹಠವಾದೀತು. ಆದರೆ ಹಳೆಯ ಆಟವನ್ನು ಒಮ್ಮೆ ಕೊಂಡರೆ ಅದು ಕೊಂಡವನದೇ ಆಗಿರುತ್ತಿದ್ದಿತು. ಸೋತರೆ, ಮುಂದುವರಿಯಲು ಹಣ ಕೊಡೆಂದು ಮನೆಯೊಳಗೆ ಬಂದು ಕೇಳುತ್ತಿರಲಿಲ್ಲ. ಬೆಳಗ್ಗೆ ಎದ್ದೊಡನೆ, ಇಂದು ಏಕೆ ಬರಲಿಲ್ಲವೆಂದು ಕರೆಯುತ್ತಿರಲಿಲ್ಲ. ಆಟ ಮುಗಿದಾಗ ಪರದೆಯ ಮೇಲೆ “ಆಟ ಮುಗಿಯಿತು” ಎಂಬ ಅರ್ಥದ ಅಕ್ಷರಗಳು ಮೂಡುತ್ತಿದ್ದವು. ಮೊಬೈಲಿನ ಅನೇಕ ಆಟಗಳಲ್ಲಿ ಆ ಮಾತೇ ಇಲ್ಲ. ಅವು ಮುಗಿಯದಂತೆಯೇ ರಚಿತವಾಗಿವೆ. ಆಡುವವನ ವೇಳೆಯೇ ಅವುಗಳ ಗಳಿಕೆ.

ಇದರಿಂದ ಹಳೆಯ ಆಟವು ನಿರಪಾಯಕಾರಿ ಎಂದು ತಿಳಿಯಬಾರದು. ಅಂದಿನ ಹುಡುಗರೂ ಪುಸ್ತಕವನ್ನು ಮರೆತು ಕುಳಿತದ್ದುಂಟು. ಗಂಟೆಗಿಷ್ಟೆಂದು ಬಾಡಿಗೆ ಕೊಟ್ಟು ಆಡುವ ಅಂಗಡಿಗಳಲ್ಲಿ ಕೈಖರ್ಚಿನ ಹಣವನ್ನು ಕಳೆದದ್ದುಂಟು. ಆಟದ ಮೇಲಿನ ಹತೋಟಿ ತಪ್ಪುವುದನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ಪಟ್ಟಿಯಲ್ಲಿ ಸೇರಿಸಿದೆ. ಆ ಪಟ್ಟಿಯು 2022ರಿಂದ ಜಾರಿಯಲ್ಲಿದೆ. ಲಗೋರಿಯಾಗಲಿ ಚಿಣ್ಣಿದಾಂಡಾಗಲಿ ದೇಹಕ್ಕೆ ಕೊಡುವ ವ್ಯಾಯಾಮವನ್ನು ಯಾವ ಪರದೆಯೂ ಕೊಡಲಾರದು. ಆದರೆ ಕೊನೆಯುಳ್ಳ ಆಟದಿಂದ ಏಳುವುದು ಸುಲಭ. ಕೊನೆಯಿಲ್ಲದ ಆಟದಿಂದ ಏಳಲು ಆಡುವವನೇ ಕೊನೆಯನ್ನು ಸೃಷ್ಟಿಸಿಕೊಳ್ಳಬೇಕು. ಅದು ಹಿರಿಯರಿಗೂ ಕಷ್ಟವಾದ ಕೆಲಸ.

ಆ ಹಳೆಯ ಯಂತ್ರಗಳನ್ನು ಗುಜರಿಗೆ ಹಾಕದೆ ಉಳಿಸಿಕೊಳ್ಳುವುದಕ್ಕೂ ಕಾರಣವುಂಟು. ಅಮೆರಿಕದಲ್ಲಿ 2010ಕ್ಕಿಂತ ಮೊದಲು ಬಿಡುಗಡೆಯಾದ ಆಟಗಳಲ್ಲಿ ಶೇಕಡಾ 87ರಷ್ಟು ಇಂದು ಮಾರುಕಟ್ಟೆಯಲ್ಲಿ ಸಿಗುವುದಿಲ್ಲವೆಂದು 2023ರ ಅಧ್ಯಯನವೊಂದು ತಿಳಿಸಿದೆ. ಹಳೆಯ ಪುಸ್ತಕವನ್ನು ಗ್ರಂಥಾಲಯವು ಕಾಯುತ್ತದೆ. ಹಳೆಯ ಆಟವನ್ನು ಬಹುಮಟ್ಟಿಗೆ ಮನೆಯ ಅಟ್ಟವೇ ಕಾಯುತ್ತಿದೆ. ಕಳಪೆಯನ್ನು ಕಳಪೆಯೆಂದೂ ಉತ್ತಮವಾದುದನ್ನು ಉತ್ತಮವೆಂದೂ ಮುಂದಿನವರು ತಾವೇ ಆಡಿ ತಿಳಿಯಬೇಕಾದರೆ ವಸ್ತುವು ಉಳಿದಿರಬೇಕು.

ಖಾನಾಪುರದ ಆ ಮನೆಯಲ್ಲಿ ಮೂರನೆಯ ದಿನ ಸಂಜೆ ಬಾಲಕಿಯು ಮಾರಿಯೋ ಆಟದ ನಾಲ್ಕನೆಯ ಲೋಕವನ್ನು ತಲುಪಿದ್ದಳು. ಅಜ್ಜಿಯೂ ಜಪಮಣಿಯನ್ನು ಹಿಡಿದು ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಅಷ್ಟರಲ್ಲಿ ಗುಡುಗೊಂದು ಮೊಳಗಿ ವಿದ್ಯುತ್ತು ಹೋಯಿತು. ಮೂರು ದಿನಗಳ ಶ್ರಮವು ಒಂದು ಚಿಟಿಕೆ ಹೊಡೆಯುವುದರಲ್ಲಿ ಅಳಿಸಿಹೋಯಿತು. ಕತ್ತಲೆಯಲ್ಲಿ ಕ್ಷಣಕಾಲ ಯಾರೂ ಮಾತನಾಡಲಿಲ್ಲ. ಅನಂತರ ಮೊದಲು ನಕ್ಕವಳು ಬಾಲಕಿಯೇ.

ಮರುದಿನ ಮಳೆ ಹೊಳವಾಯಿತು. ಬೆಳಗಾವಿಯ ಬಸ್ಸಿಗೆ ಹೊರಡುವ ಮುನ್ನ ಆಕೆ ಯಂತ್ರದ ಧೂಳನ್ನೊರಸಿ, ತಂತಿಗಳನ್ನು ಸುತ್ತಿ, ಡಬ್ಬದೊಳಗಿಟ್ಟಳು.

“ಮಾಮಾ, ಇದನ್ನ ಅಟ್ಟದ ಮ್ಯಾಲ ಇಡಬ್ಯಾಡ. ಅಲ್ಲಿ ಸೋರತೈತಿ” ಎಂದಳು.

ಮಾವನು ಡಬ್ಬವನ್ನು ಪುಸ್ತಕದ ಕಪಾಟಿನಲ್ಲಿ, ಕೈಗೆ ನಿಲುಕುವ ಎತ್ತರದಲ್ಲಿ ಇಟ್ಟನು.