ಪರಿಸರಪಾಠ ವೇದಿಕೆಯಲ್ಲಲ್ಲ, ಅಡುಗೆಮನೆಯಲ್ಲಿ



ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಒಂದು ಬಡಾವಣೆಯಲ್ಲಿ ಜರುಗಿದ ವಿಶ್ವ ಪರಿಸರ ದಿನಾಚರಣೆಗೆ ನಾನು ಹೋಗಿದ್ದೆ. ಗಣ್ಯರು ಹೊಂಗೆಯ ಸಸಿಯೊಂದನ್ನು ನೆಟ್ಟರು, ಛಾಯಾಚಿತ್ರ ತೆಗೆಯಲಾಯಿತು, ಮೂವರು ಭಾಷಣಕಾರರು ಭೂಮಾತೆಯ ದುಃಖವನ್ನು ಮನಮುಟ್ಟುವಂತೆ ಬಣ್ಣಿಸಿದರು. ಉಪಾಹಾರ ಮುಗಿದ ಮೇಲೆ ನೋಡಿದರೆ, ಆ ಸಸಿಯ ಬುಡದಲ್ಲಿಯೇ ಪ್ಲಾಸ್ಟಿಕ್ ಲೇಪದ ಕಾಗದದ ತಟ್ಟೆಗಳು, ಅರ್ಧ ಕುಡಿದು ಬಿಟ್ಟ ನೀರಿನ ಬಾಟಲಿಗಳು, ಹೂಗುಚ್ಛಗಳಿಗೆ ಸುತ್ತಿದ್ದ ಮಿರುಗುವ ಹಾಳೆಗಳು ರಾಶಿಯಾಗಿ ಬಿದ್ದಿದ್ದವು. ಮರುದಿನ ಮುಂಜಾನೆ ಅದೇ ದಾರಿಯಲ್ಲಿ ಬಂದಾಗ, ಪೌರಕಾರ್ಮಿಕ ತಾಯಿಯೊಬ್ಬಳು ಅವುಗಳನ್ನು ಬರಿಗೈಯಿಂದ ಬಾಚುತ್ತಿದ್ದಳು. ಹಿಂದಿನ ದಿನದ ವೇದಿಕೆಯಲ್ಲಿ ಆಕೆಗೆ ಸ್ಥಾನವಿರಲಿಲ್ಲ. ಭಾಷಣಗಳಲ್ಲಿ ಆಕೆಯ ಪ್ರಸ್ತಾಪವೂ ಇರಲಿಲ್ಲ.

ನಾವು ಪರಿಸರ ಶಿಕ್ಷಣವೆಂದು ಕರೆಯುತ್ತಿರುವುದು ಇದನ್ನೇ ಅಲ್ಲವೇ? ಇದು ಶಿಕ್ಷಣವಲ್ಲ, ಆತ್ಮವಂಚನೆ. ತನ್ನ ಮನೆಯ ಕಸವನ್ನು ತಾನು ಬೇರ್ಪಡಿಸಲು ಒಪ್ಪದವನಿಗೆ ಪರಿಸರದ ವಿಷಯವಾಗಿ ಒಂದು ಮಾತನ್ನಾಡುವ ಅಧಿಕಾರವೂ ಇಲ್ಲ. ಮಾತು ಕಠಿಣವೆನಿಸಬಹುದು. ಆದರೂ ಆಡದೆ ವಿಧಿಯಿಲ್ಲ.

ನಮಗೆ ಉಪದೇಶದ ಕೊರತೆಯೇನೂ ಇಲ್ಲ. 1976ರ 42ನೆಯ ತಿದ್ದುಪಡಿಯು ಪರಿಸರ ಸಂರಕ್ಷಣೆಯನ್ನು ಸಂವಿಧಾನದ ಮೂಲಭೂತ ಕರ್ತವ್ಯಗಳಲ್ಲಿ ಸೇರಿಸಿತು. ಎಂ. ಸಿ. ಮೆಹ್ತಾ ಅವರ ಅರ್ಜಿಯ ಮೇಲೆ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ, ಶಾಲಾ ಕಾಲೇಜುಗಳಲ್ಲಿ ಪರಿಸರವು ಕಡ್ಡಾಯ ಪಾಠವಾಗಬೇಕೆಂದು ಹೇಳಿತು. ಅಂದಿನಿಂದ ಒಂದು ತಲೆಮಾರೇ ಆ ಪಾಠವನ್ನೋದಿ, ಪರೀಕ್ಷೆ ಬರೆದು, ಉದ್ಯೋಗ ಹಿಡಿದು, ನಗರದ ಬಹುಮಹಡಿ ಮನೆಗಳಲ್ಲಿ ನೆಲೆಸಿದೆ. ಆ ವಿದ್ಯಾವಂತರ ಮನೆಗಳಿಂದಲೇ ಇಂದಿಗೂ ಅನ್ನ, ಗಾಜು, ಔಷಧಿ, ಮಗುವಿನ ಡೈಪರ್ ಎಲ್ಲವೂ ಒಂದೇ ಚೀಲದಲ್ಲಿ ಗಂಟುಕಟ್ಟಿಕೊಂಡು ಹೊರಬರುತ್ತಿವೆ. ಅಂಕ ಬಂದಿತು, ಅರಿವು ಬರಲಿಲ್ಲ.

ಹಾಗೆ ಹೊರಬಂದ ಗಂಟು ಎಲ್ಲಿಗೆ ಹೋಗುತ್ತದೆಂದು ಎಂದಾದರೂ ವಿಚಾರಿಸಿದ್ದೀರಾ? ಬೆಂಗಳೂರಿನ ಉತ್ತರಕ್ಕೆ ಮಾವಳ್ಳಿಪುರವಿದೆ, ಪೂರ್ವಕ್ಕೆ ಮಂಡೂರಿದೆ. ನಗರದ ಕಸ ವರ್ಷಗಟ್ಟಲೆ ಈ ಹಳ್ಳಿಗಳಿಗೆ ಹೋಗಿ ಬಿದ್ದಿತು. ಅಲ್ಲಿನ ಜನ ದುರ್ವಾಸನೆಯಲ್ಲಿ ಉಂಡರು, ನೊಣಗಳ ನಡುವೆ ಮಲಗಿದರು, ಕೆಟ್ಟ ನೀರನ್ನು ಕಂಡು ಕಣ್ಣೀರಿಟ್ಟರು. 2012ರಲ್ಲಿ ಮಾವಳ್ಳಿಪುರದ ಬಾಗಿಲು ಮುಚ್ಚಿದಾಗ ನಗರದ ಬೀದಿಬೀದಿಗಳಲ್ಲಿ ಕಸ ಕೊಳೆಯಿತು. ಮಂಡೂರಿನ ಜನ ಬೀದಿಗಿಳಿದು ಹೋರಾಡಿದ ಮೇಲೆಯೇ, 2014ರ ಡಿಸೆಂಬರಿನಿಂದ ಅಲ್ಲಿಗೆ ಕಸ ಸಾಗಿಸುವುದು ನಿಂತಿತು. ನಮ್ಮಲ್ಲಿ ಅನೇಕರು ಹಳ್ಳಿಯಿಂದ ಬಂದವರು. ನಮ್ಮೂರಿನ ಕೆರೆಯಂಗಳದಲ್ಲಿ ಪಟ್ಟಣದ ಲಾರಿಗಳು ಹೊಲಸು ಸುರಿದಿದ್ದರೆ ಸುಮ್ಮನಿರುತ್ತಿದ್ದೆವೇ?

ಇದಕ್ಕೆ ಪರಿಹಾರವೇನೂ ಗೂಢವಿದ್ಯೆಯಲ್ಲ. ಕರ್ನಾಟಕ ಉಚ್ಚ ನ್ಯಾಯಾಲಯವು 2015ರ ಡಿಸೆಂಬರಿನಲ್ಲಿ ಬೆಂಗಳೂರಿನ ಮನೆಮನೆಗೂ ಎರಡು ಬುಟ್ಟಿ, ಒಂದು ಚೀಲದ ಕ್ರಮವನ್ನು ವಿಧಿಸಿತು: ಹಸಿಕಸಕ್ಕೆ ಹಸಿರು ಬುಟ್ಟಿ, ಡೈಪರ್, ಬ್ಯಾಂಡೇಜುಗಳಂತಹ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣಕಸಕ್ಕೆ ಚೀಲ. ಇದರ ಹಿಂದಿನ ತರ್ಕ ಸರಳವಾದುದು. ಮನೆಯ ಕಸದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಹಸಿಕಸವೇ. ಅದು ಗಾಳಿಯಾಡುವಂತೆ ಕೊಳೆತರೆ ಗೊಬ್ಬರ. ಪ್ಲಾಸ್ಟಿಕ್ಕಿನೊಡನೆ ಬೆರೆತು ಗುಡ್ಡೆಯ ಅಡಿಯಲ್ಲಿ ಗಾಳಿಯಿಲ್ಲದೆ ಕೊಳೆತರೆ ಬೆಂಕಿ ಹೊತ್ತಿಸುವ ಮೀಥೇನ್ ಅನಿಲ, ಅಂತರ್ಜಲವನ್ನು ಕೆಡಿಸುವ ಕಪ್ಪುನೀರು. ತೊಳೆದು ಒಣಗಿಸಿದ ಹಾಲಿನ ಪ್ಯಾಕೆಟ್ಟಿಗೆ ಬೆಲೆಯುಂಟು. ಸಾರು ಮೆತ್ತಿದ ಪ್ಯಾಕೆಟ್ಟನ್ನು ಯಾರೂ ಮುಟ್ಟರು. ಅಮೃತವಾಗಬಹುದಾದುದನ್ನು ವಿಷವಾಗಿಸುವುದು ಬೆರೆಸುವ ನಮ್ಮ ಕೈ.

“ತೆರಿಗೆ ಕಟ್ಟಿದ್ದೇವೆ, ಉಳಿದದ್ದು ನಗರಪಾಲಿಕೆಯ ಹೊಣೆ” ಎನ್ನುವವರಿದ್ದಾರೆ. ಸ್ವಾಮಿ, ತೆರಿಗೆ ಕಟ್ಟಿದ್ದು ಕಸ ಸಾಗಿಸುವುದಕ್ಕೆ. ನಿಮ್ಮ ಎಂಜಲಿನಲ್ಲಿ ಮತ್ತೊಬ್ಬ ಮನುಷ್ಯ ಕೈಯಿಟ್ಟು ಗಾಜಿನ ಚೂರು ಹುಡುಕುವುದಕ್ಕಲ್ಲ. “ನಾವು ಬೇರ್ಪಡಿಸಿದರೂ ಗಾಡಿಯವರು ಬೆರೆಸುತ್ತಾರೆ” ಎನ್ನುವವರ ಆಕ್ಷೇಪದಲ್ಲಿ ಹುರುಳಿದೆ. ಹಾಗೆ ಬೆರೆಸುವುದನ್ನು ನಾನೂ ಕಣ್ಣಾರೆ ಕಂಡಿದ್ದೇನೆ. ಆದರೆ ಮನೆಯಲ್ಲಿಯೇ ಬೆರೆಸಿ ಕೊಟ್ಟವನು ಗಾಡಿಯವನನ್ನು ಯಾವ ಬಾಯಿಂದ ಪ್ರಶ್ನಿಸಿಯಾನು? ಬೀದಿಯ ಹತ್ತು ಮನೆಗಳವರು ಬೇರ್ಪಡಿಸಿ, ಗಾಡಿಯ ಮುಂದೆ ನಿಂತು ಕೇಳಿದರೆ ಬೆರೆಸುವ ಧೈರ್ಯ ಯಾರಿಗೂ ಬಾರದು. ಅಲ್ಲದೆ, ಮನೆಯಲ್ಲಿಯೇ ಗೊಬ್ಬರವಾದ ಹಸಿಕಸವನ್ನು ಯಾವ ಗಾಡಿಯೂ ಬೆರೆಸಲಾರದು.

“ಸ್ಥಳವಿಲ್ಲ” ಎಂಬುದು ಕೊನೆಯ ನೆಪ. ರಂಧ್ರ ಕೊರೆದ, ಮುಚ್ಚಳವಿರುವ ಒಂದು ಬಕೆಟ್ಟು ಸಾಕು. ಒಂದು ಪದರ ತರಕಾರಿ ಸಿಪ್ಪೆ, ಒಂದು ಪದರ ಒಣಗಿದ ಎಲೆ. ವಾಸನೆ ಬಂದರೆ ತೇವ ಹೆಚ್ಚಾಯಿತೆಂದು ತಿಳಿದು ಒಣ ಎಲೆ ಸೇರಿಸಿ, ಕೆದಕಿ ಗಾಳಿಯಾಡಿಸಿರಿ. ಬಕೆಟ್ಟು ತುಂಬಿದ ಬಳಿಕ ಸುಮಾರು ಎರಡು ತಿಂಗಳಿಗೆ ಮಣ್ಣಿನ ಪರಿಮಳದ ಗೊಬ್ಬರ ಸಿದ್ಧ. ರಸ್ತೆಬದಿಯಲ್ಲಿ ಎಲೆಗಳನ್ನು ಸುಟ್ಟು ನೆರೆಹೊರೆಯವರಿಗೆ ಹೊಗೆ ಕುಡಿಸುವ ದುರಭ್ಯಾಸವೂ ಇದರಿಂದ ತಪ್ಪುತ್ತದೆ.

ಮಠದ ಪ್ರಸಾದನಿಲಯದಲ್ಲಿದ್ದು ಓದಿ ನಗರ ಸೇರಿದ ಹಿರಿಯ ವಿದ್ಯಾರ್ಥಿಗಳಿಗೆ ನನ್ನದೊಂದು ಮಾತು. ಅಲ್ಲಿ ಉಂಡ ತಟ್ಟೆಯನ್ನು ನೀವೇ ತೊಳೆದಿಟ್ಟಿರಿ. ಅಂಗಳವನ್ನು ಸರದಿಯಂತೆ ಗುಡಿಸಿದಿರಿ. ಅಗುಳು ಚೆಲ್ಲಿದರೆ ಹಿರಿಯರ ನೋಟಕ್ಕೆ ನಾಚಿದಿರಿ. ಪರಿಸರವೆಂಬ ಶಬ್ದವನ್ನು ಆಗ ಯಾರೂ ಉಚ್ಚರಿಸಲಿಲ್ಲ. ಆದರೂ ಅದಕ್ಕಿಂತ ದೊಡ್ಡ ಪರಿಸರ ಶಿಕ್ಷಣ ಬೇರೊಂದಿಲ್ಲ. ಆ ಕೈಗಳು ನಗರಕ್ಕೆ ಬಂದು ಸಂಬಳ ಹೆಚ್ಚಿದ ಕೂಡಲೇ ಅದನ್ನು ಮರೆತುದೇಕೆ? ಇಂದು ನಮ್ಮ ಮದುವೆ, ಗೃಹಪ್ರವೇಶ, ಸ್ನೇಹಕೂಟಗಳ ಹಿಂಬಾಗಿಲಲ್ಲಿ ಬೀಳುವ ರಾಶಿಯನ್ನು ಕಂಡರೆ ಉಂಡ ಅನ್ನವೇ ನಮ್ಮನ್ನು ಶಪಿಸೀತು.

ಆದುದರಿಂದ ಈ ವರ್ಷ ಭಾಷಣ ಬೇಡ. ಮುಂದಿನ ಸ್ನೇಹಕೂಟದಲ್ಲಿ ಬಾಳೆಯೆಲೆಯನ್ನೋ ಸ್ಟೀಲಿನ ತಟ್ಟೆಯನ್ನೋ ಇಡಿರಿ, ಬಾಟಲಿಯ ಬದಲು ನೀರಿನ ಹಂಡೆಯಿರಲಿ. ಎಲೆ ಎತ್ತುವ, ತಟ್ಟೆ ತೊಳೆಯುವ ಕೆಲಸಕ್ಕೆ ಅಧ್ಯಕ್ಷರೇ ಮೊದಲು ನಿಲ್ಲಲಿ. ಪ್ರತಿ ಬೀದಿಯಲ್ಲಿ ಒಂದು ಮನೆ ಗೊಬ್ಬರ ಮಾಡಿ ತೋರಿಸಲಿ; ನೆರೆಯ ಮಕ್ಕಳು ಬಂದು ಬಕೆಟ್ಟಿನಲ್ಲಿ ಕೈಯಾಡಿಸಲಿ. ಅಪ್ಪ ಕಸ ಬೇರ್ಪಡಿಸುವುದನ್ನು ದಿನವೂ ಕಂಡ ಮಗು ಕಡ್ಡಾಯ ಪಾಠವಿಲ್ಲದೆಯೇ ಕಲಿಯುತ್ತದೆ. ಅಪ್ಪ ಕಾರಿನ ಕಿಟಕಿಯಿಂದ ಬಾಟಲಿ ಎಸೆಯುವುದನ್ನು ಕಂಡ ಮಗುವಿಗೆ ಯಾವ ಪಾಠವೂ ಹತ್ತದು.

ನಾಳೆ ಬೆಳಿಗ್ಗೆ ಪೌರಕಾರ್ಮಿಕ ತಾಯಿ ನಿಮ್ಮ ಬಾಗಿಲಿಗೆ ಬರುತ್ತಾಳೆ. ಅವಳ ಕೈಗೆ ನೀವು ಏನನ್ನು ಕೊಡುವಿರೋ ಅದೇ ನಿಮ್ಮ ಪರಿಸರಪ್ರೇಮದ ಅಳತೆ.